ರಿಜಿಸ್ಟರಿನಲ್ಲಿ ಯಾರ ಹೆಸರು?

'ದಾಖಲೆ ತೋರಿಸು' ಎಂಬ ಮಾತನ್ನು ನಾವು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೇವೆ. ಸ್ಕೂಲಿಗೆ ಸೇರಬೇಕಾದರೆ ಜಾತಿ ಪ್ರಮಾಣಪತ್ರ, ಹಾಸ್ಟೆಲಿಗೆ ಆದಾಯ ಪ್ರಮಾಣಪತ್ರ, ಅಕ್ಕಿಗೆ ಕಾರ್ಡು, ಸತ್ತ ಮೇಲೂ ಸತ್ತದ್ದಕ್ಕೊಂದು ಪತ್ರ. ನಾವು ನಾವೇ ಎಂದು ರುಜುವಾತು ಮಾಡುತ್ತಲೇ ಅರ್ಧ ಆಯಸ್ಸು ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಕಳೆದುಹೋಗುತ್ತದೆ. ಆದರೆ ನಮ್ಮನ್ನು ದುಡಿಸಿಕೊಳ್ಳುವವನ ಮುಂದೆ, ನಮ್ಮ ಚೀಟಿ ಹಣ ಕಟ್ಟಿಸಿಕೊಳ್ಳುವವನ ಮುಂದೆ ನಿಂತು, "ಸ್ವಾಮಿ, ನಿಮ್ಮ ಫರ್ಮು ಎಲ್ಲಿ ರಿಜಿಸ್ಟರ್ ಆಗಿದೆ? ಪಾಲುದಾರರು ಯಾರ್ಯಾರು?" ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕೇಳಿದರೆ ಬರುವ ಉತ್ತರವೂ ಗೊತ್ತು: "ಏನ್ಲಾ, ನನ್ ಮೇಲೇ ಅನುಮಾನವಾ? ನಾಲ್ಕಕ್ಷರ ಕಲ್ತಿದ್ದಕ್ಕೆ ಕೊಬ್ಬು ಬಂತಾ?"

ಹಾಗಾದರೆ ದಾಖಲೆ ಕೇಳುವುದು ಅವಮಾನ ಮಾಡಿದಂತೆಯೇ? ನಂಬಿಕೆ ದೊಡ್ಡದು, ಕಾಗದ ಕೇಳುವುದು ಸಣ್ಣತನ ಎಂದು ಉಪದೇಶಿಸುವವರು ಯಾರು ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆಯೇ. ಒಂದು ಕಾಲಕ್ಕೆ ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿತ್ತು. ಆ ಮನೆಯ ಹೊಸಿಲು ದಾಟಬಾರದವನು ತನ್ನ ಹೊಲ ಯಾರ ಹೆಸರಿನಲ್ಲಿದೆ ಎಂದು ನೋಡುವುದಾದರೂ ಹೇಗೆ? ಅಂಗಳದಲ್ಲಿ ಕೈಕಟ್ಟಿ ನಿಂತು ಅವರು ಹೇಳಿದ್ದನ್ನು ನಂಬಬೇಕಿತ್ತು. ಬೇರೆ ದಾರಿ ಇಲ್ಲದ್ದಕ್ಕೆ ನಂಬಿಕೆ ಎಂದು ಹೆಸರಿಟ್ಟರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಆ ಹುದ್ದೆಯನ್ನು ತೆಗೆಯಿತು. ಪೆಟ್ಟಿಗೆ ಕಚೇರಿಗೆ ಬಂತು. ಆಮೇಲೆ 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರನ್ನೂ ಸೇರಿತು. ಕೇಳುವ ಅಂಜಿಕೆ ಮಾತ್ರ ನಮ್ಮ ಎದೆಯಿಂದ ಇನ್ನೂ ಹೋಗಿಲ್ಲ.

ಕಾನೂನು ಏನನ್ನುತ್ತದೆ? 1932ರ ಪಾಲುದಾರಿಕೆ ಕಾಯ್ದೆಯ 66ನೇ ಕಲಮಿನ ಪ್ರಕಾರ, ಫರ್ಮುಗಳ ರಿಜಿಸ್ಟರನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. 67ನೇ ಕಲಮಿನ ಪ್ರಕಾರ ನಕಲು ಪಡೆಯಬಹುದು. ನಮ್ಮ ರಾಜ್ಯದಲ್ಲಿ ಈ ರಿಜಿಸ್ಟರು ಜಿಲ್ಲಾ ನೋಂದಣಾಧಿಕಾರಿಯ ಸುಪರ್ದಿಯಲ್ಲಿದೆ. ಬೇರೆ ಸರ್ಕಾರಿ ಕಡತ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವೂ ಇಲ್ಲ.

ಆದರೆ 'ಯಾರು ಬೇಕಾದರೂ' ಎಂಬ ಮಾತಿನೊಳಗೆ ನಾವು ಇದ್ದೇವೆಯೇ? ಮಹಾಡದ ಕೆರೆಯನ್ನು ನೆನೆಯಿರಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡ ಪುರಸಭೆ 1924ರಲ್ಲಿ ಅದನ್ನು ಒಪ್ಪಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಿ ನೀರು ಮುಟ್ಟುವ ತನಕ ಆ ಕೆರೆ ಸಾರ್ವಜನಿಕವಾಗಿರಲಿಲ್ಲ. ರಿಜಿಸ್ಟರೂ ಅಷ್ಟೆ. ನಾವು ಹೋಗಿ ಪುಟ ತೆರೆಯುವ ತನಕ ಅದು ಸಾರ್ವಜನಿಕವಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಆದರೆ ಪುಟ ತೆರೆದ ಮೇಲೆ ನಮಗೆ ಆದದ್ದನ್ನು ಹೇಳಲೇಬೇಕು.

ನಮ್ಮ ಕಡೆಯ ಒಂದು ಜಲ್ಲಿ ಕ್ರಷರಿನಲ್ಲಿ ಕೂಲಿಯವರಿಗೆ ನಾಲ್ಕು ತಿಂಗಳ ಬಟವಾಡೆ ಬಾಕಿ ಇತ್ತು. ಕೇಳಿದರೆ ಮೇಸ್ತ್ರಿ "ಓನರ್ ಬೇರೆ ಅವ್ರೆ" ಎನ್ನುತ್ತಿದ್ದ. ಯಾರು ಎಂದರೆ ಬಾಯಿ ಬಿಡುತ್ತಿರಲಿಲ್ಲ. ಊರಿಗೆಲ್ಲ ಗೊತ್ತು ಧಣಿ ಯಾರೆಂದು. ಆದರೆ ದೂರಿನಲ್ಲಿ ಬರೆಯಲು ದಾಖಲೆ ಬೇಕಲ್ಲ. ನಾವು ಮೂವರು ಜಿಲ್ಲಾ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಎರಡು ದಿನ ಅಲೆದು ನಕಲು ತೆಗೆಸಿದೆವು. ಪಾಲುದಾರರು ಇಬ್ಬರು. ಒಬ್ಬ ಧಣಿಯ ದೂರದ ನೆಂಟ. ಇನ್ನೊಂದು ಹೆಸರು ಓದಿ ನಮಗೆ ಮಾತೇ ಹೊರಡಲಿಲ್ಲ. ಅದು ನಮ್ಮ ಹಟ್ಟಿಯ ಒಬ್ಬ ಅಣ್ಣನ ಹೆಸರು. ಅದೇ ಕ್ರಷರಿನಲ್ಲಿ ಕಲ್ಲು ಒಡೆಯುವವನು. ಅವನಿಗೂ ನಾಲ್ಕು ತಿಂಗಳ ಕೂಲಿ ಬಾಕಿ!

ವಾಪಸು ಬರುವಾಗ ಬಸ್ಸಿನಲ್ಲೇ ನಮ್ಮೊಳಗೆ ಜಗಳ ಹತ್ತಿತು. "ಕಾಗದ ಕಾಗದವೇ. ಇಪ್ಪತ್ತು ಮನೆ ಹೊಟ್ಟೆ ಪ್ರಶ್ನೆ, ದೂರು ಕೊಡೋಣ" ಎಂದ ಒಬ್ಬ. "ಕೊಟ್ಟರೆ ಸಿಕ್ಕಿಬೀಳೋನು ನಮ್ಮಣ್ಣನೇ. ಆ ಕಾಗದ ಹರಿದು ಬಿಸಾಕು" ಎಂದ ಇನ್ನೊಬ್ಬ. ಅವನ ಹೆದರಿಕೆ ಸುಳ್ಳಲ್ಲ. 25ನೇ ಕಲಮಿನ ಪ್ರಕಾರ ಫರ್ಮಿನ ವ್ಯವಹಾರಕ್ಕೆ ಪಾಲುದಾರರೆಲ್ಲ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. 68ನೇ ಕಲಮಿನ ಪ್ರಕಾರ ರಿಜಿಸ್ಟರಿನಲ್ಲಿ ನಮೂದಾದ ಹೇಳಿಕೆ ಅದಕ್ಕೆ ಸಹಿ ಹಾಕಿದವನ ವಿರುದ್ಧ ಅಂತಿಮ ಪುರಾವೆ. ನೋಂದಣಾಧಿಕಾರಿ ನೋಡುವುದು ಅರ್ಜಿ ಸರಿಯಾಗಿದೆಯೇ ಎಂದು. ಹೆಸರಿನ ಹಿಂದೆ ಇರುವವನು ಧಣಿಯೋ ಕೂಲಿಯೋ ಎಂದು ಕ್ರಷರಿಗೆ ಬಂದು ಕೇಳುವುದಿಲ್ಲ. ಲಾಭ ಉಂಡವನ ಹೆಸರು ಪುಸ್ತಕದಲ್ಲಿ ಇಲ್ಲ. ಸಾಲ ಹೊರುವವನ ಹೆಸರು ಇದೆ.

ಹಾಗಾದರೆ ನಿಜ ಯಾವುದು? ರಿಜಿಸ್ಟರಿನಲ್ಲಿ ಇರುವುದೋ, ಊರಿಗೆ ಗೊತ್ತಿರುವುದೋ? ಅವತ್ತು ರಾತ್ರಿ ನಾವು ಅಣ್ಣನ ಮನೆಗೆ ಹೋದೆವು. ಬುಡ್ಡಿ ಬೆಳಕಿನಲ್ಲಿ ಇಡೀ ಕಾಗದವನ್ನು ಅವನಿಗೆ ಓದಿ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು ಅಂದ: "ಮಗಳ ಮದ್ವೆಗೆ ಧಣಿ ಸಾಲ ಕೊಟ್ಟಿದ್ರು. ಬೆಟ್ಟೊತ್ತು ಅಂದ್ರು, ಒತ್ತಿದೆ ಕಣ್ರಪ್ಪಾ. ಏನ್ ಬರ್ದಿದ್ದೀರಿ ಬುದ್ಧೀ ಅಂತ ಕೇಳಕ್ಕಾಯ್ತದಾ?"

ಕೇಳಕ್ಕಾಯ್ತದಾ? ನಮ್ಮ ತತ್ವಶಾಸ್ತ್ರದ ಮೊದಲ ಪ್ರಶ್ನೆ ಇದೇ. ಬಸ್ಸಿನಲ್ಲಿ ಜಗಳವಾಡಿದ ನಾವಿಬ್ಬರೂ ತಪ್ಪು ಮಾಡಿದ್ದೆವು. ಕಾಗದವನ್ನಷ್ಟೇ ನಂಬಿ ದೂರು ಕೊಡುವುದು ಎಂದರೆ ಧಣಿ ಒಡ್ಡಿದ ಬಲೆಯನ್ನು ನಾವೇ ಎಳೆದಂತೆ. 'ಪಾಪ, ಏನೂ ತಿಳಿಯದವನು' ಎಂದು ಕಾಗದ ಹರಿಯುವುದೂ ಧಣಿಯ ಬುದ್ಧಿಯೇ. ಅವನೂ ಹಾಗೆ ಅಂದುಕೊಂಡೇ ಹೆಬ್ಬೆಟ್ಟು ಹಿಡಿದದ್ದು. ಅಣ್ಣನ ಹೆಸರು ಅಣ್ಣನದು. ಅದನ್ನು ಏನು ಮಾಡಬೇಕೆಂದು ತೀರ್ಮಾನಿಸುವವನು ಅವನೇ.

ಅವನು ತೀರ್ಮಾನಿಸಿದ. ತನ್ನಿಂದ ಹೇಗೆ ಬೆಟ್ಟು ಒತ್ತಿಸಿಕೊಂಡರೆಂದು ಬರೆಸಿಕೊಟ್ಟು, ತನ್ನ ಬಾಕಿಯನ್ನೂ ಸೇರಿಸಿ, ಉಳಿದ ಕೂಲಿಯವರ ಜೊತೆಗೇ ಕಾರ್ಮಿಕ ಅಧಿಕಾರಿಯ ಮುಂದೆ ನಿಂತ. ಬಾಕಿಯಲ್ಲಿ ಒಂದಿಷ್ಟು ಬಂತು; ಉಳಿದದ್ದಕ್ಕೆ ಇನ್ನೂ ಅಲೆಯುತ್ತಿದ್ದೇವೆ. ಅವನ ಕೆಲಸ ಹೋಯಿತು. ಸಾಲಕ್ಕೆ ಧಣಿ ಬಾಗಿಲಿಗೆ ಆಳು ಕಳಿಸಿದ. ಇದನ್ನು ಮುಚ್ಚಿಟ್ಟು 'ಗೆದ್ದೆವು' ಎಂದು ಬರೆದರೆ ನಾವೂ ಸುಳ್ಳು ರಿಜಿಸ್ಟರ್ ಬರೆದಂತೆ.

1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾಣದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನಸುನವಾಯಿ ನಡೆಸಿದರು. ಹಾಜರಿ ಪಟ್ಟಿಗಳನ್ನು ಊರ ಜನರ ಮುಂದೆಯೇ ಗಟ್ಟಿಯಾಗಿ ಓದಿದರು. ಪಟ್ಟಿಯಲ್ಲಿ ಯಾರ ಹೆಸರಿತ್ತೋ ಅವರೇ ಹೌದು ಅಥವಾ ಅಲ್ಲ ಎನ್ನಬೇಕಿತ್ತು. ದಾಖಲೆಯನ್ನು ಪರೀಕ್ಷಿಸುವ ರೀತಿ ಅದು. ಹೆಸರಿರುವವನ ಎದುರು ಓದದ ದಾಖಲೆ ಅರ್ಧ ಮಾತ್ರ ಓದಿದ ದಾಖಲೆ.

ಆದ್ದರಿಂದ ಗೆಳೆಯರೇ, ಮೇಷ್ಟ್ರುಗಳೇ, ಕೇಳುವುದನ್ನು ಕಲಿಸೋಣ. ಸಹಿ ಹಾಕುವ ಮೊದಲು ಏನು ಬರೆದಿದೆ ಎಂದು ಕೇಳುವುದನ್ನು, ದುಡ್ಡು ಕಟ್ಟುವ ಮೊದಲು ಎಲ್ಲಿ ನೋಂದಣಿಯಾಗಿದೆ ಎಂದು ಕೇಳುವುದನ್ನು. ಕಂಡದ್ದನ್ನು ಹಟ್ಟಿಗೆ ತಂದು, ದೀಪ ಹಚ್ಚಿ, ಹೆಸರಿನವರ ಮುಂದೆಯೇ ಓದೋಣ. ಅನುಮಾನ ಪಡಲು ಅಲ್ಲ, ಕೈಕಟ್ಟಿ ನಿಂತು ನಂಬಿದ ಕಾಲ ಮುಗಿಯಲಿ ಎಂದು.