ಇಸಾಕನು ತಿರಿಗಿ ತೋಡಿಸಿದ ಬಾವಿಗಳು

ಆದಿಕಾಂಡ 26ನೇ ಅಧ್ಯಾಯ, 15ರಿಂದ 22ನೇ ವಚನಗಳು



ಅಬ್ರಹಾಮನ ಸೇವಕರು ತೋಡಿದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿಬಿಟ್ಟರು. ಇಸಾಕನು ಅವುಗಳನ್ನು ತಿರಿಗಿ ತೋಡಿಸಿ, ತನ್ನ ತಂದೆಯು ಇಟ್ಟಿದ್ದ ಹೆಸರುಗಳನ್ನೇ ಇಟ್ಟನು. ಇಲ್ಲಿ ಸಮುದ್ರವು ಇಬ್ಭಾಗವಾಗಲಿಲ್ಲ, ಆಕಾಶದಿಂದ ಬೆಂಕಿ ಬೀಳಲಿಲ್ಲ. ನಡೆದದ್ದು ಹೂಳು ತೆಗೆಯುವ ಕೆಲಸ ಮಾತ್ರ. ಆದರೂ ದೇವರು ಅದನ್ನು ತನ್ನ ಗ್ರಂಥದಲ್ಲಿ ಬರೆಯಿಸಿಟ್ಟನು.

ಉತ್ತರ ಕರ್ನಾಟಕದ ಹಿರಿಯರು ನಾರುಹುಣ್ಣೆಂಬ ವ್ಯಾಧಿಯನ್ನು ಬಲ್ಲರು. ಕಾಲಿನ ಬೊಕ್ಕೆ ಒಡೆದು, ಮೊಳಕ್ಕೂ ಉದ್ದವಾದ ನೂಲಿನಂಥ ಹುಳವು ದಿನಗಟ್ಟಲೆ ಹೊರಡುತ್ತಿತ್ತು. ಅದರ ಮೂಲವು ಮೆಟ್ಟಲು ಬಾವಿಯಲ್ಲಿತ್ತು. ಹುಣ್ಣುಳ್ಳವನು ನೀರಿಗಿಳಿದಾಗ ಹುಳದ ಮರಿಗಳು ನೀರನ್ನು ಸೇರುವವು. ನೀರಿನ ಸೂಕ್ಷ್ಮ ಕ್ರಿಮಿಯು ಅವುಗಳನ್ನು ನುಂಗುವದು. ಆ ನೀರನ್ನು ಸೋಸದೆ ಕುಡಿದವನ ಕಾಲಿನಿಂದ ಸುಮಾರು ವರುಷದ ಮೇಲೆ ಹುಳವು ಹೊರಡುವದು. ಇದಕ್ಕೆ ಮದ್ದು ಅಂದೂ ಇರಲಿಲ್ಲ, ಇಂದೂ ಇಲ್ಲ. ಬಟ್ಟೆಯಲ್ಲಿ ಸೋಸಿ ಕುಡಿದದ್ದರಿಂದಲೂ, ಮೆಟ್ಟಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದ್ದರಿಂದಲೂ, ಕೈಪಂಪುಗಳಿಂದಲೂ ಅದು ಅಳಿಯಿತು. ಭಾರತದಲ್ಲಿ ಕಡೇ ರೋಗಿಯು 1996ರಲ್ಲಿ ಕಾಣಿಸಿದನು. 2000ದಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ಈಗ ಬಾವಿಯ ಸ್ಥಳಕ್ಕೆ ನಲ್ಲಿ ಬಂದಿದೆ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರಿನ ಲೆಕ್ಕವಿದೆ. ಆದರೆ ಟಾಕಿಯನ್ನು ತೊಳೆದು ಎಷ್ಟು ತಿಂಗಳಾಯಿತೆಂದು ಕೇಳುವವರಾರು? ಒಡೆದ ಕೊಳವೆಯು ಚರಂಡಿಯಲ್ಲಿ ಬಿದ್ದಿರಲಾಗಿ, ನೀರು ನಿಂತ ಹೊತ್ತಿನಲ್ಲಿ ಹೊಲಸು ಒಳಗೆ ಸೇರುತ್ತದೆ. ಫಿಲಿಷ್ಟಿಯರು ವೈರದಿಂದ ಮಣ್ಣು ಹಾಕಿದರು. ನಮ್ಮಲ್ಲಿ ವೈರವಿಲ್ಲದೆಯೇ ಬಾವಿ ತುಂಬುತ್ತದೆ.

ಇಸ್ರಾಯೇಲ್ಯರು ಪಾಳೆಯದ ಹೊರಗೆ ಹೋಗುವಾಗ ಗುದ್ದಲಿಯನ್ನು ಒಯ್ದು ಮಲವನ್ನು ಮುಚ್ಚಬೇಕೆಂಬ ಅಪ್ಪಣೆಯು ಧರ್ಮೋಪದೇಶಕಾಂಡ 23ನೇ ಅಧ್ಯಾಯದಲ್ಲಿದೆ. ಕಟ್ಟಿಸಿದ ಪಾಯಿಖಾನೆಯಲ್ಲಿ ಸೌದೆ ಒಟ್ಟಿರುವವನು ಅದನ್ನು ತನ್ನ ಮನೆಯವರ ಮುಂದೆ ಗಟ್ಟಿಯಾಗಿ ಓದಲಿ.

ಇಸಾಕನ ಎರಡು ಹೊಸ ಬಾವಿಗಳಿಗಾಗಿ ಜಗಳವಾಯಿತು. ಜಗಳವಿಲ್ಲದ ಮೂರನೆಯದಕ್ಕೆ ಅವನು ರೆಹೋಬೋತ್ ಎಂದು ಹೆಸರಿಟ್ಟನು. ವಿಸ್ತಾರವಾದ ಸ್ಥಳವೆಂದು ಅದರ ಅರ್ಥ. ನಮ್ಮ ಪಿತೃಗಳಲ್ಲಿ ಅನೇಕರಿಗೆ ಊರ ಬಾವಿಯ ಹಗ್ಗವನ್ನು ಮುಟ್ಟುವ ಅಪ್ಪಣೆ ಇರಲಿಲ್ಲ. ಅಂಥವರ ಮಕ್ಕಳಾದ ನಾವು ನಲ್ಲಿಗೆ ಮೋಟಾರು ಹಚ್ಚಿ, ಬೀದಿಯ ಕಡೇ ಮನೆಯ ವಿಧವೆಯ ಕೊಡವನ್ನು ಬರಿದು ಮಾಡಬಹುದೋ? ಆ ಸೆಳೆತಕ್ಕೆ ಚರಂಡಿಯ ನೀರೂ ಕೊಳವೆಯೊಳಗೆ ಬರುತ್ತದೆ. ಅದನ್ನು ನಮ್ಮ ಮಕ್ಕಳೇ ಕುಡಿಯುವರು.

ಬರುವ ಆದಿತ್ಯವಾರ ಆರಾಧನೆಯಾದ ಮೇಲೆ ಸಭೆಯ ಹಿರಿಯರು ನೀರಗಂಟಿಯನ್ನು ಕರೆದು ಟಾಕಿಯ ಸಂಗತಿಯನ್ನು ವಿಚಾರಿಸಲಿ. ಏಣಿ ಹಿಡಿಯುವದಕ್ಕೆ ಇಬ್ಬರು ಯೌವನಸ್ಥರನ್ನೂ ಅವನ ಸಂಗಡ ಕಳುಹಿಸಲಿ.