ಬಡ್ಡಿಯೋ, ಬಾಡಿಗೆಯೋ

ಸ್ವಂತ ಮನೆ ಬೇಕೆನ್ನುವ ಶ್ರದ್ಧಾವಂತ ಮುಸಲ್ಮಾನರಿಗೆ ಗೃಹಸಾಲದ ಬಡ್ಡಿಯೇ ಮೊದಲ ತೊಡಕು. ಕುರಾನ್ ವ್ಯಾಪಾರವನ್ನು ಒಪ್ಪಿ ಬಡ್ಡಿಯನ್ನು ನಿಷೇಧಿಸುತ್ತದೆ. ಬಾಡಿಗೆಗೆ ಅಡ್ಡಿಯಿಲ್ಲ: ಮನೆ ಮಾಲೀಕನದು, ಸೂರು ಸೋರಿದರೆ ರಿಪೇರಿಯೂ ಅವನದು. ಸಾಲ ಕೊಟ್ಟವನಿಗೆ ಆ ಹೊಣೆಯಿಲ್ಲ.

ಬೆಂಗಳೂರಿನ ಭೋಗ್ಯ ಈ ಗೆರೆಯನ್ನೇ ಅಳಿಸಿಬಿಡುತ್ತದೆ. ಹತ್ತು ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಖಾಲಿ ಮಾಡುವಾಗ ಅಷ್ಟೇ ಹಣ ಎಣಿಸಿಕೊಳ್ಳುವುದು. ಕರಾರುಪತ್ರದಲ್ಲಿ ಬಡ್ಡಿಯ ಹೆಸರೇ ಇರದು. ಆದರೆ ಅಸಲು ಪೂರ್ತಿ ವಾಪಸು ಬರುವುದಾದರೆ ಅದು ಸಾಲವೇ, ಪುಕ್ಕಟೆ ವಾಸ ಆ ಸಾಲದ ಲಾಭವೇ ಎನ್ನುತ್ತಾರೆ ಅನೇಕ ಉಲೇಮಾಗಳು. ತಿಂಗಳಿಗಿಷ್ಟು ಬಾಡಿಗೆ ಸೇರಿಸಿ ದಾರಿ ಹುಡುಕುವವರೂ ಉಂಟು. ನಾಮಕಾವಸ್ತೆ ಬಾಡಿಗೆ ಸಾಕೇ ಎಂಬ ತಕರಾರು ಉಳಿದೇ ಇದೆ.

ಬ್ಯಾಂಕಿನ ದಾರಿಯೂ ತೆರೆಯಲಿಲ್ಲ: ಭಾರತದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಪ್ರಸ್ತಾವವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ಕೈಬಿಟ್ಟಿತು.

ಯುರೋಪಿನ ಫತ್ವಾ ಮಂಡಳಿಯಾದರೋ 1999ರಲ್ಲೇ, ಬೇರೆ ದಾರಿಯಿಲ್ಲದವರು ವಾಸದ ಮನೆಗೆ ಬಡ್ಡಿಸಾಲ ಪಡೆಯಬಹುದೆಂದಿತು. ಬಾಡಿಗೆ ಮನೆ ಸಿಗುವಾಗ ಅನಿವಾರ್ಯತೆ ಎಲ್ಲಿಯದು ಎಂದು ವಿರೋಧಿಗಳು ಕೇಳಿದರು. ವಾದವೇನೋ ಗಟ್ಟಿ. ಆದರೆ ಬಾಡಿಗೆದಾರನ ಹೆಸರು ಕೇಳಿದೊಡನೆ ‘ಮನೆ ಆಗಲೇ ಕೊಟ್ಟಾಯ್ತು’ ಎನ್ನುವ ಮಾಲೀಕರಿರುವ ಊರುಗಳಲ್ಲಿ ಅದು ಅಷ್ಟು ಸಲೀಸಾಗಿ ನಿಲ್ಲದು.