ಒಂದೇ ದಿನದಲ್ಲಿ ಎರಡು ಮೋಕ್ಷ

ಬೆಂಗಳೂರಿನಿಂದ ನಸುಕಿಗೇ ಹೊರಟು ಶ್ರವಣಬೆಳಗೊಳ, ಬೇಲೂರು, ಹಳೇಬೀಡು ತೋರಿಸಿ ರಾತ್ರಿಗೆ ಮರಳುವ ಪ್ರವಾಸಿ ಬಸ್ಸುಗಳ ಮೇಲೆ ಭಕ್ತರಿಗೂ ಪಂಡಿತರಿಗೂ ಒಂದೇ ತಕರಾರು: ಇದು ಓಟ, ಯಾತ್ರೆಯಲ್ಲ. ಆತುರವೇನೂ ದೊಡ್ಡ ಪಾಪವಲ್ಲ. ಜಾತ್ರೆಯ ನೂಕುನುಗ್ಗಲಲ್ಲಿ ಅರೆಗಳಿಗೆ ದೇವರ ಮುಖ ಕಂಡು ಧನ್ಯರಾಗುವವರೂ ಇದ್ದಾರೆ. ಯೋಚಿಸಬೇಕಾದದ್ದು, ತೆಂಗಿನ ತೋಟಗಳ ನಡುವೆ ಬಸ್ಸು ಸಾಗುವಾಗ ಮೈಕಿನಲ್ಲಿ ಕೇಳಿಬರುವ ವಿವರಣೆಯನ್ನು. ವಿಷ್ಣುವರ್ಧನ ಕೇಶವನ ಭಕ್ತ, ರಾಣಿ ಶಾಂತಲೆ ಜೈನಳು, ಹಳೇಬೀಡಿನಲ್ಲಿ ರಾಜನ ಹೆಸರು ಹೊತ್ತು ನಿಂತದ್ದು ಶಿವಾಲಯ; ಆದ್ದರಿಂದ ಎಲ್ಲ ಧರ್ಮವೂ ಒಂದೇ. ಹೇಳಿದ ಸಂಗತಿಗಳೆಲ್ಲ ಸರಿ. ಆ 'ಆದ್ದರಿಂದ' ಮಾತ್ರ ಸರಿಯಿಲ್ಲ.

ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿದವರಿಗೆ ಎದುರಾಗುವುದು 58 ಅಡಿಯ ಬೆತ್ತಲೆ ದೇಹ. ಕಾಲ ಬಳಿಯ ಹುತ್ತಗಳಿಂದ ಹಾವುಗಳು ಹೆಡೆ ಇಣುಕಿಸಿವೆ, ಬಳ್ಳಿ ತೊಡೆಯನ್ನು ಬಳಸಿ ತೋಳಿಗೇರಿದೆ, ಮುಖಕ್ಕೆ ಅದಾವುದರ ಪರಿವೆಯೂ ಇಲ್ಲ. ಜೈನ ಸಿದ್ಧಾಂತದ ಪ್ರಕಾರ ಬಾಹುಬಲಿ ಹರಕೆ ಕೇಳಿಸಿಕೊಳ್ಳುವವನಲ್ಲ, ವರ ಕೊಡುವವನೂ ಅಲ್ಲ. ಅವರವರ ಕರ್ಮವನ್ನು ಅವರವರೇ ಕಳೆದುಕೊಳ್ಳಬೇಕು. ಅದೇ ದಿನ ಬೇಲೂರಿಗೆ ಬಂದರೆ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದಿಗೂ ಅಲಂಕಾರ, ನೈವೇದ್ಯ, ಉತ್ಸವ. ಹೊರಗೆ ಮದನಿಕೆ ಕೈಯಲ್ಲಿ ಕನ್ನಡಿ ಹಿಡಿದು ತನ್ನ ಚೆಲುವು ತಾನೇ ನೋಡಿಕೊಳ್ಳುತ್ತಿದ್ದಾಳೆ. ಇಲ್ಲಿ ದೇವರು ಒಲಿಯುತ್ತಾನೆ, ಕೃಪೆ ಮಾಡುತ್ತಾನೆ. ದಾರಿ ಬೇರೆ, ಗುರಿ ಒಂದೇ ಎಂದು ಸಮಾಧಾನ ಹೇಳುವುದುಂಟು. ಆದರೆ ಗುರಿಯೂ ಒಂದಲ್ಲ. ಜೈನರ ಸಿದ್ಧ ಲೋಕದ ತುದಿಯಲ್ಲಿ ಯಾರ ಹಂಗೂ ಇಲ್ಲದೆ ಇರುವವನು. ಶ್ರೀವೈಷ್ಣವರ ಮುಕ್ತನಿಗಾದರೋ ವೈಕುಂಠದಲ್ಲಿ ಸ್ವಾಮಿಯ ಸೇವೆಯೇ ಪರಮಸುಖ.

ಇದಕ್ಕೆ ಬಲವಾದ ಆಕ್ಷೇಪ ಶ್ರವಣಬೆಳಗೊಳದಲ್ಲೇ ಕಲ್ಲಿನ ಮೇಲಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ದೂರು ವಿಜಯನಗರದ ಬುಕ್ಕರಾಯನವರೆಗೆ ಹೋಯಿತು. ಅವನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನೆಂದು ಆ ಶಾಸನ ಹೇಳುತ್ತದೆ. ಹಾಗಾದರೆ ಗೈಡು ಗೆದ್ದನೇ? ಶಾಸನವನ್ನು ಮುಂದಕ್ಕೆ ಓದಬೇಕು. ಜೈನರಿಗೆ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಮೊದಲಿನಂತೆಯೇ ನಡೆಯತಕ್ಕದ್ದು. ಅವರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡತಕ್ಕದ್ದು. ಅದರಿಂದ ಬೆಳಗೊಳದ ದೇವರ ಕಾವಲಿಗೆ ವೈಷ್ಣವರು 20 ಆಳುಗಳನ್ನು ನೇಮಿಸಿ, ಉಳಿದ ದುಡ್ಡಿನಲ್ಲಿ ಹಾಳುಬಿದ್ದ ಬಸದಿಗಳನ್ನು ದುರಸ್ತಿ ಮಾಡಿಸತಕ್ಕದ್ದು. ಭೇದವೇ ಇಲ್ಲದಿದ್ದರೆ ಕಾವಲು ಯಾಕೆ? ರಾಜ ಅಳಿಸಿದ್ದು ಹಕ್ಕಿನಲ್ಲಿನ ಭೇದವನ್ನು, ತತ್ತ್ವದ ಭೇದವನ್ನಲ್ಲ. ಒಪ್ಪದವರ ದೇವರನ್ನೂ ಕಾಯುವ ಹೊಣೆ ಹೊರಿಸಿದ್ದೇ ಆ ತೀರ್ಪಿನ ಹೆಚ್ಚುಗಾರಿಕೆ. (ಕಾವಲಿನ ಖರ್ಚು ಜೈನರ ತಲೆಗೇ ಬಿತ್ತೆಂಬುದನ್ನೂ ಮರೆಯುವಂತಿಲ್ಲ.)

ಜೈನರದೇ ಅನೇಕಾಂತವಾದ ಎಲ್ಲ ಮತಕ್ಕೂ ಸತ್ಯದ ಪಾಲು ಕೊಡುತ್ತದಲ್ಲ ಎನ್ನಬಹುದು. ಕೊಡುತ್ತದೆ, ಆದರೆ ಯಾವ ಮಾತು ಯಾವ ನೆಲೆಯಿಂದ ಹೇಳಿದ್ದೆಂದು ವಿಂಗಡಿಸಿದ ಮೇಲೆ. ವಿಂಗಡಣೆಯ ಶ್ರಮ ಬಿಟ್ಟರೆ ಅದು ಅನೇಕಾಂತವಾಗುವುದಿಲ್ಲ. ಇನ್ನು, ಈಗಿನ ಕಾಲದಲ್ಲಿ ಭೇದ ಎತ್ತಿ ಹೇಳುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಎಂಬ ಭಯ. ಭಯ ಸುಳ್ಳಲ್ಲ. ಆದರೆ ಒಂದೇ ಎಂಬ ನಂಬಿಕೆಯ ಮೇಲೆ ನಿಂತ ಸ್ನೇಹ, ಒಂದಲ್ಲ ಎಂದು ಗೊತ್ತಾದ ದಿನ ಏನಾಗಬೇಕು? ಒಂದೇ ಕ್ಷೇತ್ರಕ್ಕೆ ನಡೆದುಕೊಳ್ಳುವ ಭಕ್ತನಿಗೆ ಈ ಪ್ರಶ್ನೆ ಏಳದೆಯೂ ಇರಬಹುದು. ಬೆಳಿಗ್ಗೆ ಗೊಮ್ಮಟನನ್ನೂ ಮಧ್ಯಾಹ್ನ ಕೇಶವನನ್ನೂ ಕಂಡ ಬಸ್ಸಿನವರು ಅದಕ್ಕೆ ಹೆಚ್ಚು ಹತ್ತಿರದಲ್ಲಿದ್ದಾರೆ. ಆ ಶಾಸನವಿರುವುದು ಊರೊಳಗಿನ ಭಂಡಾರಿ ಬಸದಿಯಲ್ಲಿ. ಬೆಟ್ಟ ಇಳಿದವರನ್ನು ನೇರ ಊಟಕ್ಕೆ ಅವಸರಿಸುವ ಬದಲು ಹತ್ತು ನಿಮಿಷ ಅಲ್ಲಿ ನಿಲ್ಲಿಸಿ, 20 ಕಾವಲುಗಾರರ ವಿಷಯವನ್ನು ಅದೇ ಮೈಕಿನಲ್ಲಿ ಹೇಳಬಹುದು.